ಹೊಳೆಯ ನೀರಿನ ಪರೀಕ್ಷೆ: ನಮ್ಮ ಹೆಣ್ಣುಮಕ್ಕಳಿಗೆ ತಕ್ಕ ಒಂದು ಸರಕಾರಿ ಸೇವೆ

ವರ್ಷ ವರ್ಷವೂ ಫಲಿತಾಂಶಗಳು ಹೊರಬಿದ್ದ ಮೇಲೆ ಪಾಲಕರು ನಮ್ಮಲ್ಲಿಗೆ ಬಂದು, “ಬಾಯಿಯವರೇ, ಹುಡುಗಿಯನ್ನು ಮುಂದೆ ಯಾವ ಹಾದಿಗೆ ಹಚ್ಚಬೇಕು?” ಎಂದು ಕೇಳುವದುಂಟು. ಶಿಕ್ಷಕಿಯ ಮತ್ತು ದಾದಿಯ ಉದ್ಯೋಗಗಳು ಎಲ್ಲರಿಗೂ ಗೊತ್ತಿರುವಂಥವು. ಅವುಗಳ ಹಿರಿಮೆಯನ್ನು ನಾವು ಕಡಿಮೆ ಮಾಡುವದಿಲ್ಲ. ಆದರೆ ನಮ್ಮ ಸೀಮೆಗೆ ಅತ್ಯವಶ್ಯವಾದ, ಬಹುಜನರಿಗೆ ಪರಿಚಯವಿಲ್ಲದ ಇನ್ನೊಂದು ಸೇವೆಯಿದೆ. ನೀರು, ಗಾಳಿ, ಮಣ್ಣುಗಳಿದ್ದಲ್ಲಿಗೇ ಹೋಗಿ, ಅವುಗಳ ಮಾದರಿಯನ್ನು ತೆಗೆದು, ಅಳೆದು, ಸರಕಾರಕ್ಕೆ ವರದಿ ಒಪ್ಪಿಸುವ ಕ್ಷೇತ್ರಕಾರ್ಯವೇ ಅದು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

೧. ನಮ್ಮ ಸೀಮೆಯ ನೀರು

ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಬಳಿಯಲ್ಲಿ ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುತ್ತದೆ. ಸಂಕೇಶ್ವರದ ಮೇಲೆ ಹಾದು ಬರುವ ಹಿರಣ್ಯಕೇಶಿಯೂ ಬೆಳಗಾವಿಯ ಕಡೆಯಿಂದ ಬರುವ ಮಾರ್ಕಂಡೇಯವೂ ಅದನ್ನು ಕೂಡಿಕೊಳ್ಳುತ್ತವೆ. ಹಿಡಕಲ್ ಜಲಾಶಯವು ಸುಮಾರು ೫,೧೦೦ ಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲದು. ಕಾಲುವೆಯ ನೀರು ಹರಿದುದರಿಂದ ಗೋಕಾಕ, ಮೂಡಲಗಿಗಳ ಎರೆಭೂಮಿಯಲ್ಲಿ ಕಬ್ಬು ಬೆಳೆಯಿತು. ೧೮೮೫ರಲ್ಲಿ ಜಲಪಾತದ ಬಳಿ ನೂಲಿನ ಗಿರಣಿಯು ಸ್ಥಾಪಿತವಾಯಿತು. ಕಾಲಾನಂತರ ಈ ಭಾಗದಲ್ಲಿ ಸಕ್ಕರೆ ಕಾರಖಾನೆಗಳೂ ಎದ್ದವು.

ಹೀಗೆ ನೀರು ಸಂಪತ್ತನ್ನು ತಂದಿತು. ಸಂಪತ್ತಿನೊಡನೆ ಹೊಣೆಯೂ ಬಂದಿತು. ಊರ ಗಟಾರದ ಹೊಲಸು, ಹೊಲಕ್ಕೆ ಹಾಕಿದ ಗೊಬ್ಬರ, ಯಂತ್ರಗಳಿಂದ ಹೊರಬೀಳುವ ನೀರು, ಇವೆಲ್ಲವೂ ಕಡೆಗೆ ಇಳಿಯುವದು ಹೊಳೆಯ ಕಡೆಗೇ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಹಾಪೂರವು ಗೋಕಾಕ ಪಟ್ಟಣದೊಳಗೆ ನುಗ್ಗಿದ್ದನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಅಂಥ ಪೂರ ಇಳಿದ ತರುವಾಯ ಬಾವಿಯ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಕುಡಿಯಲು ಯೋಗ್ಯವಾಯಿತೆಂದು ಹೇಳಬಾರದು. ಕಣ್ಣು ಕೊಡುವ ಸಾಕ್ಷಿಯು ಸಾಲದು; ಪರೀಕ್ಷೆಯೇ ಬೇಕು.

೨. ಕಾಯಿದೆಯ ಆಧಾರ

ನೀರಿನ ಮಾಲಿನ್ಯವನ್ನು ತಡೆಯುವ ಕಾಯಿದೆಯು ನಮ್ಮ ದೇಶದಲ್ಲಿ ೧೯೭೪ರಲ್ಲಿ ಆಯಿತು. ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಏರ್ಪಟ್ಟಿತು. ಗಾಳಿಯ ಕಾಯಿದೆಯು ೧೯೮೧ರಲ್ಲಿಯೂ, ೧೯೮೪ರ ಭೋಪಾಲದ ಘೋರ ದುರಂತದ ತರುವಾಯ ಪರಿಸರ ಸಂರಕ್ಷಣೆಯ ಕಾಯಿದೆಯು ೧೯೮೬ರಲ್ಲಿಯೂ ಬಂದವು. ಕಾಯಿದೆಯು ಪುಸ್ತಕದಲ್ಲಿ ಇದ್ದರೆ ಸಾಲದಷ್ಟೆ. ಹೊಳೆಯ ದಂಡೆಗೆ ಇಳಿದು ಸೀಸೆಯಲ್ಲಿ ನೀರು ತುಂಬುವ ಕೈ ಇಲ್ಲದಿದ್ದರೆ ಯಾವ ಅಧಿಕಾರಿಯೂ ಯಾವ ನ್ಯಾಯಾಲಯವೂ ಏನನ್ನೂ ಮಾಡಲಾರದು.

೩. ಕೆಲಸದ ರೀತಿ

ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದ ಆಮ್ಲಜನಕವು ಕರಗಿರುತ್ತದೆ. ಮೀನುಗಳು ಬದುಕುವದು ಅದರಿಂದಲೇ. ೩೦ ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ ಅದನ್ನು ಹಿಡಿದುಕೊಳ್ಳಬಲ್ಲದು. ಸಕ್ಕರೆಯ ಅಂಶವುಳ್ಳ ಹೊಲಸು ಬಂದು ಕೂಡಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತ ಆ ಆಮ್ಲಜನಕವನ್ನು ತೀರಿಸಿಬಿಡುತ್ತವೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಕಬ್ಬು ಅರೆಯುವ ಕಾಲದ ಕೊನೆಗೆ ಹೊಳೆಯ ಹರಿವೂ ಇಳಿಯುವದರಿಂದ ಅಪಾಯವು ಆಗ ಹೆಚ್ಚು. ಹೊಲಸು ಎಷ್ಟು ಆಮ್ಲಜನಕವನ್ನು ಕೇಳುತ್ತದೆಂಬದನ್ನು ೨೭ ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುವರು. ಹೊಳೆಗೆ ಬಿಡುವ ನೀರಿನಲ್ಲಿ ಈ ಬೇಡಿಕೆಯು ಲೀಟರಿಗೆ ೩೦ ಮಿಲಿಗ್ರಾಮನ್ನು ಮೀರಬಾರದೆಂಬದು ಸಾಮಾನ್ಯ ನಿಯಮ. ಜನರು ಸ್ನಾನಮಾಡುವ ಹೊಳೆಯ ನೀರಿನಲ್ಲಿ ೩ನ್ನು ಮೀರಬಾರದು.

ಮಾದರಿಯನ್ನು ತೆಗೆಯುವ ಸ್ಥಳವನ್ನು ಆರಿಸುವದರಲ್ಲಿಯೇ ಅರ್ಧ ವಿದ್ಯೆಯಿದೆ. ಜಲಪಾತದ ಕೆಳಗೆ ನೀರು ನೊರೆನೊರೆಯಾಗಿ ಗಾಳಿಯೊಡನೆ ಬೆರೆಯುವದರಿಂದ ಅಲ್ಲಿ ಆಮ್ಲಜನಕವು ಹೆಚ್ಚಾಗಿ ಕಾಣುವದು. ಅಲ್ಲಿನ ಒಂದೇ ಸೀಸೆಯನ್ನು ನೋಡಿ ಹೊಳೆಯೆಲ್ಲ ಆರೋಗ್ಯವಾಗಿದೆಯೆಂದರೆ ಅದು ತಪ್ಪು. ಆದುದರಿಂದ ಹೊಲಸು ಕೂಡುವ ಸ್ಥಳದ ಮೇಲೆಯೂ ಕೆಳಗೂ, ನಿಯಮಿತ ಸ್ಥಳಗಳಲ್ಲಿ, ತಿಂಗಳು ತಿಂಗಳೂ ಮಾದರಿಗಳನ್ನು ತೆಗೆದು ಹೋಲಿಸಬೇಕು. ಸೀಸೆಯಲ್ಲಿ ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ದಂಡೆಯ ಮೇಲೆಯೇ ಎರಡು ದ್ರಾವಣಗಳನ್ನು ಹನಿಸುತ್ತಾರೆ. ಆಮ್ಲಜನಕವಿದ್ದರೆ ಕಂದು ಬಣ್ಣದ ಮಡ್ಡಿಯು ಇಳಿಯುತ್ತದೆ. ಇಲ್ಲದಿದ್ದರೆ ಮಡ್ಡಿಯು ಬೆಳ್ಳಗೆ ಉಳಿಯುತ್ತದೆ. ನೀರಿನ ಉಷ್ಣತೆಯನ್ನು ಅಲ್ಲಿಯೇ ನೋಡಿ ಬರೆದುಕೊಳ್ಳಬೇಕು. ರೋಗಾಣುಗಳ ಪರೀಕ್ಷೆಗಾಗಿ ಶುದ್ಧೀಕರಿಸಿದ ಬೇರೆ ಸೀಸೆಯಲ್ಲಿ ನೀರು ತುಂಬಿ, ಬರ್ಫದ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ಪ್ರಯೋಗಶಾಲೆಗೆ ಮುಟ್ಟಿಸಬೇಕು.

ಕಾರಖಾನೆಯ ನೀರನ್ನು ತೆಗೆಯುವಾಗ ಕಾಯಿದೆಯು ಇನ್ನೂ ಬಿಗಿಯಾಗಿದೆ. ಒಡೆಯನಿಗಾಗಲಿ ಅವನ ಪ್ರತಿನಿಧಿಗಾಗಲಿ ತಿಳಿಸಿ, ಅವರೆದುರಿನಲ್ಲಿ ಮಾದರಿಯನ್ನು ಎರಡು ಪಾಲುಮಾಡಿ, ಎರಡಕ್ಕೂ ಮೊಹರು ಹಾಕಿ, ಉಭಯರೂ ಸಹಿ ಮಾಡಬೇಕು. ಈ ಕ್ರಮವು ತಪ್ಪಿದರೆ ಪ್ರಯೋಗಶಾಲೆಯ ಫಲಿತಾಂಶವು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುವದಿಲ್ಲ. ಒಂದು ಸಹಿಯ ಕೊರತೆಯಿಂದ ಕೆಳದಂಡೆಯ ಹಳ್ಳಿಯವರ ನ್ಯಾಯವೇ ಕೆಡಬಹುದು. ಹಾಗೆಯೇ ಅಜಾಗರೂಕತೆಯಿಂದ ನಿರಪರಾಧಿಯ ಮೇಲೆ ಅಪರಾಧವೂ ಬರಬಹುದು. ಆದಕಾರಣ ಈ ಕೆಲಸದಲ್ಲಿ ಸತ್ಯವೆಂಬದು ಬರಿಯ ಸದ್ಗುಣವಲ್ಲ, ಕೈಯ ಕಸುಬೇ ಆಗಿದೆ.

೪. ಹೆಂಗಸರಿಗೆ ಸಾಧ್ಯವೆ?

ಅಮೇರಿಕೆಯಲ್ಲಿ ಎಲೆನ್ ಸ್ವಾಲೋ ರಿಚರ್ಡ್ಸ್ (೧೮೪೨–೧೯೧೧) ಎಂಬ ಮಹಿಳೆಯು ೧೮೮೭ರಲ್ಲಿ ಆರಂಭವಾದ ಮೆಸಾಚುಸೆಟ್ಸ್ ಪ್ರಾಂತದ ನೀರಿನ ಪರೀಕ್ಷೆಯಲ್ಲಿ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿ, ನೀರು ಎಲ್ಲೆಲ್ಲಿ ಕೆಟ್ಟಿದೆಯೆಂಬದನ್ನು ನಕಾಶೆಯಿಂದ ತೋರಿಸಿದಳು. ನಮ್ಮ ದೇಶದಲ್ಲಿಯೂ ೨೦೧೯ರಲ್ಲಿ ಪ್ರಾರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐವರು ಸ್ತ್ರೀಯರಿಗೆ ಕುಡಿಯುವ ನೀರನ್ನು ಪರೀಕ್ಷಿಸಲು ಕಲಿಸಬೇಕೆಂದು ಗೊತ್ತುಮಾಡಿದ್ದಾರೆ. ಅಡಿಗೆಯ ಮನೆಯಲ್ಲಿ ಅಳತೆ, ಶುದ್ಧಿ, ಹೊತ್ತು ಇವನ್ನು ಕಾಯುವ ಕೈಗೆ ಈ ಕೆಲಸವು ಹೊಸತೇನೂ ಅಲ್ಲ.

ಈ ಸೇವೆಗೆ ಹೋಗಲಿಚ್ಛಿಸುವ ಹುಡುಗಿಯು ಮೆಟ್ರಿಕ್ಯುಲೇಶನ್ನಿಗೆ ಸಮನಾದ ಹತ್ತನೆಯ ತರಗತಿಯ ಮೇಲೆ ವಿಜ್ಞಾನವನ್ನು ಆರಿಸಿಕೊಳ್ಳಬೇಕು. ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರದಲ್ಲಿ ಪದವಿ, ಇಲ್ಲವೆ ತಾಂತ್ರಿಕ ಶಾಲೆಯ ಡಿಪ್ಲೋಮಾ ಸಂಪಾದಿಸಿದರೆ ಬಾಗಿಲುಗಳು ಹೆಚ್ಚು ತೆರೆಯುತ್ತವೆ. ನೇಮಣೂಕಿನ ಪ್ರಕಟಣೆಗಳನ್ನು ಕಾದುನೋಡಿ ಸ್ಪರ್ಧೆಯ ಪರೀಕ್ಷೆಗೆ ಕೂಡ್ರಬೇಕು. ಇದಲ್ಲದೆ ಅಂದವಾದ ಬರಹ, ಲೆಕ್ಕದಲ್ಲಿ ನಿಖರತೆ, ಬಿಸಿಲಿನಲ್ಲಿ ನಡೆಯುವ ಧೈರ್ಯ, ಸಿಟ್ಟಿಗೇಳುವವರೊಡನೆ ಶಾಂತವಾಗಿ ಮಾತಾಡುವ ಶೀಲ, ಇವು ಬೇಕು. ಇವನ್ನು ಶಾಲೆಯೂ ಮನೆಯೂ ಕೂಡಿಯೇ ಕಲಿಸತಕ್ಕವು.

೫. ಪಾಲಕರಿಗೆ

“ಹೆಣ್ಣುಮಗಳು ಹೊಳೆಯ ದಂಡೆಗೂ ಕಾರಖಾನೆಯ ಬಾಗಿಲಿಗೂ ತಿರುಗುವದು ಸರಿಯೆ?” ಎಂಬ ಶಂಕೆಯನ್ನು ನಾವು ಬಲ್ಲೆವು, ಅದು ಪ್ರೀತಿಯಿಂದ ಹುಟ್ಟಿದ್ದಾದ್ದರಿಂದ ಅದನ್ನು ಹಗುರಾಗಿ ಎಣಿಸುವದಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ತಲೆಯ ಮೇಲೆ ಕೊಡ ಹೊತ್ತು ಹೊಳೆಗೆ ಹೋದವರು ಯಾರು? ನೀರು ಕೆಟ್ಟು ಮನೆಯಲ್ಲಿ ಮಗುವಿಗೆ ಬೇಧಿಯಾದಾಗ ರಾತ್ರಿಯೆಲ್ಲ ಎಚ್ಚತ್ತು ಕೂತವರು ಯಾರು? ನೀರಿನ ಕಷ್ಟವನ್ನು ತಲೆತಲಾಂತರದಿಂದ ಹೊತ್ತವರಿಗೆ ನೀರಿನ ಸಾಕ್ಷಿಯನ್ನು ನುಡಿಯುವ ಅಧಿಕಾರವೂ ಇರಲಿ. ಈ ಸೇವೆಯನ್ನು ಮೊದಲೇ ಸೇರಿದ ಹಳೆಯ ವಿದ್ಯಾರ್ಥಿನಿಯರಿದ್ದರೆ ಶಾಲೆಗೆ ಬಂದು ತಮ್ಮ ತಂಗಿಯರಿಗೆ ದಾರಿ ತೋರಿಸಬೇಕೆಂದು ಬಿನ್ನವಿಸುತ್ತೇವೆ.