ಇನ್‌ಸ್ಟಾಲ್ ಟಿಪ್ಪಣಿ ಬರೆಯುವ ಮುಲುಂಡಿನ ವಿದ್ಯಾರ್ಥಿಗೆ

ಇ-ಸಿಮ್ ಬಗ್ಗೆ ಜೂನಿಯರ್‌ಗಳಿಗೆ ಬರೆಯುತ್ತಿದ್ದೀರಿ, ಸಂತೋಷ. ಪೊವಾಯಿಯ ಐಐಟಿ ಬಾಂಬೆಯ ಫಾಸಿ ತಂಡ ರೂಪಿಸಿದ ಈ ಸರ್ಕ್ಯೂಟ್ ಸಿಮ್ಯುಲೇಷನ್ ತಂತ್ರಾಂಶ ಒಂಟಿಯಲ್ಲ. ಸರ್ಕ್ಯೂಟ್ ಬಿಡಿಸಲು ಕೀಕ್ಯಾಡ್, ಲೆಕ್ಕಕ್ಕೆ ಎನ್‌ಜಿಸ್ಪೈಸ್ ಬೆನ್ನಿಗಿವೆ. ಇವುಗಳ ಆವೃತ್ತಿಗೂ ಉಬುಂಟು ಲಿನಕ್ಸ್‌ನ ಆವೃತ್ತಿಗೂ ತಾಳೆಯಾಗದಿದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಯಾವ ಉಬುಂಟು, ಯಾವ ಇ-ಸಿಮ್, ಯಾವಾಗ ಪರೀಕ್ಷಿಸಿದ್ದು ಎನ್ನುವುದು ಮೊದಲ ಸಾಲಲ್ಲೇ ಇರಲಿ.

ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸುವಾಗ ‘ಪರ್ಮಿಷನ್ ಡಿನೈಡ್’ ಕಂಡರೆ ಅದಕ್ಕೆ ಚಲಾಯಿಸುವ ಅನುಮತಿ ಕೊಡಬೇಕೆಂದು ಆ ಹಂತದಲ್ಲೇ ಬರೆಯಿರಿ. ಸುಡೋ ಪಾಸ್‌ವರ್ಡ್ ಒತ್ತುವಾಗ ಹಲವು ಉಬುಂಟು ಆವೃತ್ತಿಗಳಲ್ಲಿ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಬಲ್ಲವರು ಇದನ್ನು ಬರೆಯುವುದೇ ಇಲ್ಲ, ಹೊಸಬರು ಕೀಬೋರ್ಡ್ ಕೆಟ್ಟಿತೆಂದು ಕಂಗಾಲಾಗುತ್ತಾರೆ.

ಕೊನೆಗೆ, ಖಾಲಿ ವರ್ಚುವಲ್ ಮಷೀನ್ ತೆರೆದು ಲಿನಕ್ಸ್ ಅರಿಯದ ಜೂನಿಯರ್ ಒಬ್ಬರನ್ನು ನಿಮ್ಮ ಟಿಪ್ಪಣಿಯೊಂದಿಗೆ ಕೂರಿಸಿ. ನೀವು ಮಾತ್ರ ಬಾಯಿ ಬಿಡಬೇಡಿ. ಅವರು ತಡವರಿಸಿದ ಜಾಗಗಳನ್ನಷ್ಟೇ ತಿದ್ದಿ.