ಬಸವನಗುಡಿಯ ಬಚ್ಚಲು ನೀರು, ಬೈರಮಂಗಲದ ಹೊಲ: ಸೋಪು ಆರಿಸುವುದು ಹೇಗೆ?

ನಾನು ತೋಟಗಾರಿಕೆ ಓದಿ ಈಗ ಸಾವಯವ ತರಕಾರಿ ಬೆಳೆಯುತ್ತಿದ್ದೇನೆ. ಬಸವನಗುಡಿ, ಚಾಮರಾಜಪೇಟೆಯ ಮನೆಗಳಿಗೆ ತರಕಾರಿ ಕೊಡಲು ಹೋದಾಗ "ಪಾತ್ರೆ ತೊಳೆಯೋಕೆ ಯಾವುದು ಒಳ್ಳೇದು?" ಅಂತ ಕೇಳ್ತಾರೆ. ಇದು ನಮ್ಮ ಹೊಲದ ಪ್ರಶ್ನೆಯೂ ಹೌದು.

ನೀರು ಎಲ್ಲಿಗೆ ಹೋಗುತ್ತೆ?
ವೃಷಭಾವತಿಯ ಮೂಲ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಎಂಬುದು ನಂಬಿಕೆ. ಮಲ್ಲೇಶ್ವರದ ಕಡೆಯಿಂದಲೂ ಇದಕ್ಕೆ ನೀರು ಸೇರುತ್ತದೆ. ಇದು ಬಿಡದಿ ಹತ್ತಿರದ ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಬೈರಮಂಗಲದ ಸುತ್ತ ಇದೇ ನೀರಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತಾರೆ.

ತೊಂದರೆ ಎಲ್ಲಿ?
- ಫಾಸ್ಫೇಟ್: ರಂಜಕ ಗೊಬ್ಬರವೇ. ಕೆರೆ ಸೇರಿದರೆ ಪಾಚಿ, ಜಲಕಳೆಗೆ ಹಬ್ಬ. ಅವು ಕೊಳೆತಾಗ ನೀರಿನ ಆಮ್ಲಜನಕ ಖಾಲಿ.
- ನೊರೆ ಬರಿಸುವ ರಾಸಾಯನಿಕ: ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದದ್ದನ್ನು ನೋಡಿದ್ದೀರಿ. ಅದರಲ್ಲಿ ಡಿಟರ್ಜೆಂಟ್ ಪಾಲೂ ಇದೆ.
- ಸೋಡಿಯಂ: ನಮಗೆ ಇದೇ ದೊಡ್ಡದು. ಜೇಡಿಮಣ್ಣಿನ ಕಣ ಒಡೆದು ಮಣ್ಣು ಗಟ್ಟಿಯಾಗುತ್ತೆ, ನೀರು ಇಂಗಲ್ಲ. ಸಾಮಾನ್ಯ ಎಸ್‌ಟಿಪಿ ಕರಗಿದ ಸೋಡಿಯಂ ತೆಗೆಯುವುದಿಲ್ಲ. ವಾಷಿಂಗ್ ಸೋಡಾ "ಪರಿಸರ ಸ್ನೇಹಿ" ಅಂತ ಸುರಿಯುವವರು ಇದನ್ನು ನೆನಪಿಡಬೇಕು.

ಏನು ಬಳಸೋಣ?
1. ಫಾಸ್ಫೇಟ್ ಇಲ್ಲ ಎಂದು ಬರೆದಿರುವ ಪುಡಿ ಆರಿಸಿ. ಅಳತೆ ಚಮಚ ಬಳಸಿ. ನೊರೆ ಹೆಚ್ಚಾದರೆ ಕೊಳೆ ಹೆಚ್ಚು ಹೋಗಲ್ಲ.
2. ದ್ರವ ಸೋಪಿನಲ್ಲಿ ಪೊಟ್ಯಾಷ್ ಸೋಪು ಮಣ್ಣಿಗೆ ವಾಸಿ. ಪೊಟ್ಯಾಷ್ ಗಿಡಕ್ಕೂ ಬೇಕು.
3. ಅಂಟುವಾಳ: 10–12 ಕಾಯಿಯ ಸಿಪ್ಪೆ 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, 15 ನಿಮಿಷ ಕುದಿಸಿ ಸೋಸಿ. 2–3 ದಿನದಲ್ಲಿ ಮುಗಿಸಿ.
4. ಬಯೋ ಎನ್‌ಜೈಮ್: ಬೆಲ್ಲ 100 ಗ್ರಾಂ, ನಿಂಬೆ-ಕಿತ್ತಳೆ ಸಿಪ್ಪೆ 300 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು 3 ತಿಂಗಳು ಇಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ, ಇಲ್ಲಾಂದ್ರೆ ಗ್ಯಾಸ್ ತುಂಬಿ ಸಿಡಿಯುತ್ತೆ. ನೆಲ ಒರೆಸಲು ನೀರು ಬೆರೆಸಿ ಬಳಸಿ.

ಎಚ್ಚರ
"ನೈಸರ್ಗಿಕ" ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಅಂಟುವಾಳದ ರಸ ಮೀನಿಗೆ ವಿಷ; ಕೆರೆ, ಕೃಷಿಹೊಂಡಕ್ಕೆ ನೇರ ಸುರಿಯಬೇಡಿ. ಬ್ಲೀಚಿಂಗ್ ಪುಡಿಗೆ ಆಸಿಡ್, ವಿನೆಗರ್, ಎನ್‌ಜೈಮ್ ಬೆರೆಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ.

ನಿಮ್ಮ ಮನೆಯಲ್ಲಿ
ಬಚ್ಚಲು ನೀರನ್ನು ಬಾಳೆ ಬುಡಕ್ಕೆ ಬಿಡಿ, ಸೊಪ್ಪಿನ ಮಡಿಗೆ ಬೇಡ. ಜಾಗ ಆಗಾಗ ಬದಲಿಸಿ. ಮಣ್ಣು ಪರೀಕ್ಷೆ ಮಾಡಿಸುವಾಗ ಆ ಜಾಗದ ಮಣ್ಣನ್ನೂ ಬೇರೆಯಾಗಿ ಕೊಟ್ಟು ಪಿಎಚ್, ಇಸಿ ನೋಡಿ.

ಹೊಲದ ಬದುವಿನಲ್ಲಿ ಅಂಟುವಾಳ, ಸೀಗೆ ಇದ್ದರೆ ಒಣಗಿಸಿಡಿ. ಪೇಟೆಯಲ್ಲಿ ತರಕಾರಿ ಕೊಳ್ಳುವವರೇ ಅದನ್ನೂ ಕೇಳ್ತಾರೆ. ಮೇಲಿನ ಮನೆಯ ಬಚ್ಚಲು ಹಗುರಾದಷ್ಟೂ ಕೆಳಗಿನ ರೈತನ ಕಾಲುವೆ ಹಗುರ.