ಸರ್ಕಾರಿ ವಕೀಲರು ಇದ್ದಾರಲ್ಲ, ಅಕ್ಕನಿಗೆ ಬೇರೆ ವಕೀಲರೇಕೆ?

ಮೇಡಂ, ನಮ್ಮದು ಹರಿಹರ ತಾಲ್ಲೂಕು. ಅಕ್ಕನನ್ನು ಹೊಳೆಯಾಚೆ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದೆವು. ಎಂಟು ತಿಂಗಳ ಹಿಂದೆ ಭಾವ ಕುಡಿದು ಬಂದು ಕುಡುಗೋಲಿನಿಂದ ಹೊಡೆದ. ಅಕ್ಕ ಕೈ ಅಡ್ಡ ಹಿಡಿದಳು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಕೇಸಾಗಿದೆ. ಆದರೆ ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಊರಿನ ಹಿರಿಯರು ಒಂದು ಲಕ್ಷ ಕೊಡಿಸುತ್ತೇವೆ, ರಾಜಿಯಾಗಿ ಎಂದು ಛಾಪಾ ಕಾಗದ ಹಿಡಿದು ಬಂದಿದ್ದರು. ಪೊಲೀಸರನ್ನು ಕೇಳಿದರೆ ನಿಮ್ಮ ಪರ ಸರ್ಕಾರಿ ವಕೀಲರು ಇದ್ದಾರೆ ಅನ್ನುತ್ತಾರೆ. ಒಬ್ಬ ವಕೀಲರನ್ನು ಕಂಡೆವು, ಮೊದಲೇ ನಲವತ್ತು ಸಾವಿರ ಕೇಳಿದರು. ಅಪ್ಪ ಎಮ್ಮೆ ಮಾರಲು ಹೊರಟಿದ್ದಾರೆ. ಪುಕ್ಕಟೆ ವಕೀಲರು ಸಿಗುತ್ತಾರಂತೆ ನಿಜವೇ? ಸಿಕ್ಕರೂ ಮನಸ್ಸಿಟ್ಟು ನಡೆಸುತ್ತಾರಾ? ಅಕ್ಕ ಎಲ್ಲಕ್ಕೂ ನನ್ನ ಹಣೆಬರಹ ಅನ್ನುತ್ತಾಳೆ.
— ಹೆಸರು ಬೇಡ

ತಂಗಿ, ಅಪ್ಪನಿಗೆ ಇವತ್ತೇ ಹೇಳಿ, ಎಮ್ಮೆ ಮಾರುವುದು ಬೇಡ. ಹಾಗೆಯೇ ಅಕ್ಕನಿಗೂ ಹೇಳಿ, ಆ ಛಾಪಾ ಕಾಗದಕ್ಕೆ ಸಹಿ ಹಾಕುವುದು ಬೇಡ. ಈ ಎರಡು ಮಾತು ಗಟ್ಟಿಯಾದರೆ ಉಳಿದದ್ದಕ್ಕೆ ದಾರಿ ಇದೆ.

ಪುಕ್ಕಟೆ ವಕೀಲರು ಸಿಗುವುದು ನಿಜ. ಅದು ಯಾರೋ ಮಾಡುವ ಧರ್ಮವಲ್ಲ, ನಿಮ್ಮಕ್ಕನ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಗಳು ಎಂಬುದೊಂದೇ ಇದಕ್ಕೆ ಸಾಕು. ಅವಳ ವರಮಾನ ಎಷ್ಟು, ಅಪ್ಪನಿಗೆ ಎಷ್ಟು ಎಕರೆ ಇದೆ, ಬಿಪಿಎಲ್ ಕಾರ್ಡ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಮಾನವ ಸಾಗಣೆಗೆ ಸಿಕ್ಕಿಬಿದ್ದವರಿಗೂ ಹೀಗೆಯೇ. ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲು, ಇವುಗಳ ಖರ್ಚನ್ನೂ ಪ್ರಾಧಿಕಾರವೇ ಭರಿಸುತ್ತದೆ.

ಇನ್ನು ಸರ್ಕಾರಿ ವಕೀಲರ ಮಾತು. ಪೊಲೀಸರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಕ್ರಿಮಿನಲ್ ಕೇಸು ನಡೆಯುವುದು ಸರ್ಕಾರ ಮತ್ತು ಆರೋಪಿಯ ನಡುವೆ. ಅಲ್ಲಿ ನಿಮ್ಮಕ್ಕ ಮುಖ್ಯ ಸಾಕ್ಷಿ, ಅಷ್ಟೇ. ಸರ್ಕಾರಿ ಅಭಿಯೋಜಕರು ಅವನಿಗೆ ಶಿಕ್ಷೆ ಕೊಡಿಸಲು ವಾದಿಸುತ್ತಾರೆ. ಅಕ್ಕನ ಕೈ ಚಿಕಿತ್ಸೆಗೆ ಹಣ, ಅವಳಿಗೊಂದು ಸೂರು, ಜೀವನಾಂಶ, ಅವನು ತವರಿನ ಬಾಗಿಲಿಗೆ ಬಂದು ಕಾಡದಂತೆ ಆದೇಶ, ಇವುಗಳನ್ನು ಕೇಳುವುದು ಅವರ ಕೆಲಸವಲ್ಲ. ಹೊಡೆತ ತಿಂದ ಎಷ್ಟೋ ಹೆಣ್ಣುಮಕ್ಕಳು ಸರ್ಕಾರಿ ವಕೀಲರು ಇದ್ದಾರಲ್ಲ ಎಂದು ನಂಬಿ ಕೂತು, ಕೇಸು ಮುಗಿಯುವ ಹೊತ್ತಿಗೆ ಬರಿಗೈಯಲ್ಲಿ ಉಳಿದಿದ್ದಾರೆ. ಅಕ್ಕನಿಗೆ ಅವಳದೇ ವಕೀಲರು ಬೇಕು ಎನ್ನುವುದು ಇದಕ್ಕೆ.

ಕ್ರಿಮಿನಲ್ ಕೇಸಿನಲ್ಲೂ ಅವರಿಂದ ಉಪಯೋಗವಿದೆ. ನ್ಯಾಯಾಲಯದ ಅನುಮತಿ ಪಡೆದು ಅವರು ಅಭಿಯೋಜಕರಿಗೆ ನೆರವಾಗಬಹುದು. ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ, ಜಾಮೀನಿನ ವಿಚಾರಣೆಯಲ್ಲೂ, ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅವನು ಅಕ್ಕನಿಗೆ ಬೆದರಿಕೆ ಹಾಕುತ್ತಿದ್ದರೆ ಪ್ರತಿ ಸಲವೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಜಾಮೀನು ರದ್ದು ಮಾಡಿಸಲು ಆ ಕಾಗದಗಳೇ ಆಧಾರವಾಗುತ್ತವೆ. ಪೊಲೀಸರು ಯಾವ ಕಲಂ ಹಾಕಿದ್ದಾರೆ ಎಂಬುದನ್ನೂ ವಕೀಲರಿಂದ ನೋಡಿಸಿ. ಕೀಲಿನ ಶಕ್ತಿ ಶಾಶ್ವತವಾಗಿ ಕುಂದಿದರೆ ಕಾನೂನಿನ ಕಣ್ಣಿನಲ್ಲಿ ಅದು ತೀವ್ರ ಗಾಯ. ಕುಡುಗೋಲಿನಂಥ ಆಯುಧದಿಂದ ಆಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಮಿನ ಎರಡನೇ ಉಪಕಲಂ ಬೀಳಬೇಕು. ಗಾಯದ ಪ್ರಮಾಣಪತ್ರದಲ್ಲಿ ಸಾದಾ ಗಾಯ ಎಂದು ಬರೆದುಬಿಟ್ಟಿದ್ದರೆ ಕೇಸೇ ಸೊರಗುತ್ತದೆ.

ಈಗ ರಾಜಿಯ ವಿಷಯ. ನನಗೆ ಬಹಳ ಸಂಕಟ ತರುವ ವಿಷಯವಿದು. ಆಯುಧದಿಂದ ತೀವ್ರ ಗಾಯ ಮಾಡಿದ ಅಪರಾಧವನ್ನು ಊರ ಕಟ್ಟೆಯ ಮೇಲೆ ಕೂತು ಮುಗಿಸುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ. ಕಾನೂನಿನ ಪ್ರಕಾರ ಅದು ರಾಜಿಯಾಗಬಲ್ಲ ಅಪರಾಧವೇ ಅಲ್ಲ. ಗಂಡನ ಕ್ರೌರ್ಯದ ಕಲಂ ಕೂಡ ಹಾಗೆಯೇ. ಹಾಗಿದ್ದ ಮೇಲೆ ಆ ಕಾಗದ ಏತಕ್ಕೆ? ನಾಳೆ ಅಕ್ಕ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ, ನೀನೇ ಏನೂ ಆಗಿಲ್ಲ ಎಂದು ಬರೆದುಕೊಟ್ಟಿದ್ದೀಯಲ್ಲ ಎಂದು ಮುಖಕ್ಕೆ ಹಿಡಿಯಲು. ಹಿರಿಯರ ಮಾತು ನಂಬಿ ಅವಳು ಕೋರ್ಟಿನಲ್ಲಿ ಹೇಳಿಕೆ ತಿರುಗಿಸಿದರೆ ಸುಳ್ಳು ಸಾಕ್ಷಿಯ ಆಪಾದನೆ ಅವಳ ಮೇಲೆಯೇ ಬರಬಹುದು. ಹಿರಿಯರು ಮತ್ತೆ ಬಂದರೆ ಜಗಳ ಬೇಡ. ನಮ್ಮ ವಕೀಲರ ಹತ್ತಿರ ಮಾತಾಡಿ ಎಂದಷ್ಟೇ ಹೇಳಿ ಕಳಿಸಿ.

ಅವರು ತೋರಿಸಿದ ಒಂದು ಲಕ್ಷಕ್ಕೆ ಅಪ್ಪನ ಮನಸ್ಸು ಸ್ವಲ್ಪ ವಾಲಿದ್ದರೆ ಅದೂ ನನಗೆ ಅರ್ಥವಾಗುತ್ತದೆ, ಆಸ್ಪತ್ರೆಯ ಸಾಲ ತಲೆಯ ಮೇಲಿರುತ್ತದೆ. ಆದರೆ ರಾಜಿಯ ಷರತ್ತಿಲ್ಲದ ಹಣ ಬೇರೆ ಕಡೆ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಸಂತ್ರಸ್ತರ ಪರಿಹಾರಕ್ಕೆಂದೇ ಇದೆ. ಈ ಹಣ ಕೊಡುವುದು ಸರ್ಕಾರ. ಅವನಿಗೆ ಶಿಕ್ಷೆಯಾಗಲಿ ಎಂದು ಕಾಯಬೇಕಿಲ್ಲ, ಅವನು ಖುಲಾಸೆಯಾದರೂ ಪುನರ್ವಸತಿಯ ಅಗತ್ಯ ಕಂಡರೆ ನ್ಯಾಯಾಲಯ ಶಿಫಾರಸು ಮಾಡಬಹುದು. ಮಹಿಳಾ ಸಂತ್ರಸ್ತರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯಲ್ಲಿ ಅಂಗವೈಕಲ್ಯ ಶೇಕಡಾ 20ರಿಂದ 40ರೊಳಗೆ ಇದ್ದರೆ 1 ಲಕ್ಷದಿಂದ 3 ಲಕ್ಷ ರೂಪಾಯಿ, 40 ದಾಟಿದರೆ 2ರಿಂದ 4 ಲಕ್ಷ ಎಂದಿದೆ. ಆದ್ದರಿಂದ ಜಿಲ್ಲಾಸ್ಪತ್ರೆಗೆ ಹೋಗಿ ಬೆರಳುಗಳ ಅಂಗವೈಕಲ್ಯ ಎಷ್ಟೆಂದು ಪ್ರಮಾಣಪತ್ರ ಮಾಡಿಸಿ. ಚಿಕಿತ್ಸೆಗೆ ತುರ್ತಿದ್ದರೆ ಮಧ್ಯಂತರ ಪರಿಹಾರವನ್ನೂ ಕೇಳಬಹುದು. ಕೃತ್ಯ ನಡೆದದ್ದು ಹಾವೇರಿ ಜಿಲ್ಲೆಯಲ್ಲಾದ್ದರಿಂದ ಈ ಅರ್ಜಿ ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಎಂದು ಕಾನೂನೇ ಹೇಳುತ್ತದೆ.

ರಕ್ಷಣೆ ಮತ್ತು ಜೀವನಾಂಶಕ್ಕೆ ಮಾತ್ರ ಅಕ್ಕ ಹೊಳೆ ದಾಟಿ ಗಂಡನ ಊರಿನ ಕೋರ್ಟಿಗೆ ಅಲೆಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಅವಳು ಈಗ ತಾತ್ಕಾಲಿಕವಾಗಿ ಇರುವ ಜಾಗದ ಕೋರ್ಟಿನಲ್ಲೇ, ಅಂದರೆ ಹರಿಹರದಲ್ಲೇ, ಅರ್ಜಿ ಹಾಕಬಹುದು. ಅವನು ಹತ್ತಿರ ಸುಳಿಯದಂತೆ, ಖರ್ಚಿಗೆ ತಿಂಗಳು ತಿಂಗಳು ಹಣ ಕೊಡುವಂತೆ, ಮನೆಯಲ್ಲಿರುವ ಅವಳ ಒಡವೆ ವಸ್ತು ಮರಳಿಸುವಂತೆ ಒಂದೇ ಅರ್ಜಿಯಲ್ಲಿ ಕೇಳಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲಿದೆ.

ಹೋಗಬೇಕಾದ ಜಾಗ ಹರಿಹರದ ನ್ಯಾಯಾಲಯದ ಆವರಣ. ಅಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿ ಎಂದು ಕೇಳಿ. ಅದಕ್ಕೆ ನ್ಯಾಯಾಧೀಶರೇ ಅಧ್ಯಕ್ಷರು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ನಡೆದದ್ದನ್ನು ಬರೆದು, ನನಗೆ ವಕೀಲರನ್ನು ನೇಮಿಸಿ ಕೊಡಿ ಎಂದು ಕೇಳಿದರೆ ಸಾಕು. ಅಕ್ಕನ ಬಲಗೈ ಬರೆಯದಿದ್ದರೆ ನೀವು ಬರೆಯಿರಿ, ಅವಳು ಹೆಬ್ಬೆಟ್ಟು ಒತ್ತಲಿ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಬಿಲ್ಲುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಜೆರಾಕ್ಸ್ ಜೊತೆಗಿರಲಿ. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕಿಲ್ಲದಿದ್ದರೆ ಠಾಣೆಯಲ್ಲಿ ಕೇಳಿ, ಅದನ್ನು ಪುಕ್ಕಟೆ ಕೊಡಲೇಬೇಕು. ಹೋಗಲು ಅಳುಕಾದರೆ ಮೊದಲು 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ರಾತ್ರೋರಾತ್ರಿ ಅವನು ಬಂದು ಗಲಾಟೆ ಮಾಡಿದರೆ 112.

ಮನಸ್ಸಿಟ್ಟು ನಡೆಸುತ್ತಾರಾ ಎಂದು ಕೇಳಿದಿರಿ. ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರಲ್ಲಿ ಎದೆಗೆ ಹಚ್ಚಿಕೊಂಡು ದುಡಿಯುವವರಿದ್ದಾರೆ, ಉದಾಸೀನ ಮಾಡುವವರೂ ಇದ್ದಾರೆ. ಫೀಸು ಕೊಟ್ಟು ಹಿಡಿದ ವಕೀಲರಲ್ಲೂ ಈ ಎರಡೂ ಬಗೆಯವರಿದ್ದಾರೆ. ನಿಮ್ಮ ಕೈಯಲ್ಲಿರುವುದು ಎಚ್ಚರ. ಪ್ರತಿ ತಾರೀಖು ಬರೆದಿಟ್ಟುಕೊಳ್ಳಿ, ಆಗಿದ್ದೇನು ಎಂದು ಕೇಳಿ. ಅವರಿಗೆ ಸಂಭಾವನೆ ಕೊಡುವುದು ಪ್ರಾಧಿಕಾರ, ನಿಮ್ಮಿಂದ ಒಂದು ರೂಪಾಯಿಯನ್ನೂ ಅವರು ಪಡೆಯುವಂತಿಲ್ಲ. ಹಣ ಕೇಳಿದರೆ, ಫೋನ್ ಎತ್ತದಿದ್ದರೆ, ಬೇರೆಯವರನ್ನು ಕೊಡಿ ಎಂದು ದಾವಣಗೆರೆಯ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆಯಿರಿ. ಅವರೂ ನ್ಯಾಯಾಧೀಶರೇ.

ಅಕ್ಕನ ಹಣೆಬರಹದ ಮಾತಿಗೆ ನೀವು ಎದುರು ವಾದ ಮಾಡಬೇಡಿ. ಎಂಟು ತಿಂಗಳಿಂದ ಆ ಕೈ ನೋಡಿಕೊಂಡೇ ಬದುಕುತ್ತಿರುವವಳು ಅವಳು. ಕೋರ್ಟಿಗೆ ಅವಳನ್ನು ಎಳೆದುಕೊಂಡು ಹೋಗಬೇಡಿ, ಕೇಳಿ ಕರೆದುಕೊಂಡು ಹೋಗಿ. ಅವಳು ಮಾತಾಡಲು ಒಬ್ಬ ಹೆಣ್ಣುಮಗಳೇ ಬೇಕೆಂದರೆ ಮಹಿಳಾ ವಕೀಲರನ್ನೇ ಕೊಡಿ ಎಂದು ಅರ್ಜಿಯಲ್ಲಿ ಬರೆಯಿರಿ. ನೊಂದ ಹೆಣ್ಣುಮಕ್ಕಳಿಗೆಂದೇ ಇರುವ ದಾವಣಗೆರೆಯ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯೂ ಸಿಗುತ್ತಾರೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಪರಿಹಾರದ ಅರ್ಜಿಗೆ ಮೂರು ವರ್ಷದ ಗಡುವಿದೆ ಎಂದು ನಿಧಾನ ಮಾಡಬೇಡಿ, ದಾಖಲೆಗಳು ಕೈ ತಪ್ಪುತ್ತವೆ. ಅರ್ಜಿ ಕೊಟ್ಟೂ ಕಾಯಿಸಿದರೆ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬರೆಯಿರಿ. ಆಗ ನನಗೂ ಒಂದು ಸಾಲು ಬರೆಯಿರಿ.